ಫೋನಿಗೆ ಹಾಕಿದ ನಿಶಾನಿ

ನಮ್ಮ ಅಬ್ಬಾ ಮಹಾರಾಷ್ಟ್ರದ ಗಡಿಯ ಜತ್ತದಲ್ಲಿ ದರ್ಜಿ. ಗಿರಾಕಿಯ ಬಟ್ಟೆಯಲ್ಲಿ ಉಳಿದ ತುಂಡು ಎಲ್ಲಿಗೆ ಹೋಗುತ್ತದೆಂದು ಚೆನ್ನಾಗಿ ಗೊತ್ತಿದ್ದ ಮನುಷ್ಯ. ಅದಕ್ಕೇ ಇನ್ನೊಬ್ಬರ ಅಂಗಡಿಯನ್ನು ನಂಬುತ್ತಿರಲಿಲ್ಲ. ಗಿರಣಿಗೆ ಜೋಳ ಕಳಿಸಿದರೂ, ಚೀಲ ಅದಲುಬದಲಾಗದಿರಲೆಂದು ಅದರ ಒಳಮೂಲೆಗೆ ಬಟ್ಟೆಗೆ ಗೆರೆ ಎಳೆಯುವ ನೀಲಿ ಚಾಕ್‌ಪೀಸಿನಿಂದ ಒಂದು ನಿಶಾನಿ ಹಾಕುತ್ತಿದ್ದರು. ನಾನೂ ಅವರ ಮಗನೇ, ಸಂಶಯದಲ್ಲಿ ಕಡಿಮೆಯೇನಿರಲಿಲ್ಲ.

ಅಕ್ಕನಿಗೆ ಚಿಕ್ಕಂದಿನ ಜ್ವರದಲ್ಲಿ ಕಿವಿ ಹೋಗಿತ್ತು. ನಾವಿಬ್ಬರೂ ಓದಿದ್ದು ಕನ್ನಡ ಶಾಲೆಯಲ್ಲಿ. ಮದುವೆಯಾಗಿ ಹುಬ್ಬಳ್ಳಿಗೆ ಹೋದ ಮೇಲೆ ಕನ್ನಡದಲ್ಲಿ ಮೆಸೇಜ್ ಕಳಿಸತೊಡಗಿದಳು. ಸಾಂಗ್ಲಿಯಲ್ಲಿ ಕೊಂಡ ನಮ್ಮ ಫೋನಿಗೆ ಮರಾಠಿ ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಅವಳು ಬರೆದದ್ದೆಲ್ಲ ಖಾಲಿ ಚೌಕಗಳಾಗಿ ಕಾಣುತ್ತಿತ್ತು. ಭಾವನಿಗೆ ಫೋನ್ ಮಾಡಿದರೆ ಎಲ್ಲರೂ ಅರಾಮ ಎನ್ನುತ್ತಿದ್ದ. ಮೆಸೇಜಿನಲ್ಲಿ ಏನಿದೆಯೆಂದು ಅವನನ್ನೇ ಕೇಳೋಣವೆಂದರೆ ಅಬ್ಬಾ ಬಿಡಲಿಲ್ಲ.

“ಅವಗ ಸುದ್ದಿ ಎತ್ತಬ್ಯಾಡ. ಅಕಿ ಅವನ ಕಣ್ಣ ತಪ್ಪಿಸಿ ಬರ್ಯಾಕತ್ತಾಳೋ ಏನೋ.”

ಆ ಮಾತು ನನ್ನ ತಲೆಯಲ್ಲೂ ಹುಳ ಬಿಟ್ಟಿತು. ಅವಳಿಗೆ ಅಲ್ಲಿ ಹೊಡೆತ ಬಡಿತವೇ ಇರಬೇಕೆಂದು ನಂಬಿಬಿಟ್ಟೆ.

ಬಸ್ ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಯವನು, ಯಾರೋ ತಿದ್ದಿ ಇಂಟರ್ನೆಟ್ಟಿಗೆ ಬಿಟ್ಟ ಸಾಫ್ಟ್‌ವೇರ್ ಹಾಕಿದರೆ ಕನ್ನಡ ಮೂಡುತ್ತದೆ ಎಂದ. ಆದರೆ ಅವನ ಕಂಪ್ಯೂಟರ್ ನಮ್ಮ ಫೋನನ್ನು ಗುರುತಿಸಲೇ ಇಲ್ಲ. ಕೇಬಲ್ ಬದಲಿಸಿದ, ಡ್ರೈವರ್ ತೆಗೆದು ಮತ್ತೆ ಹಾಕಿದ, ಕಂಪ್ಯೂಟರನ್ನೇ ಆರಿಸಿ ಹಚ್ಚಿದ. ಪ್ರತಿ ಸಲವೂ ಯಾವುದೋ ಗೊತ್ತಿಲ್ಲದ ವಸ್ತು ಜೋಡಿಸಿದ್ದೀರಿ ಎಂಬ ಹಟ ಅದರದು. ನಾಟಕ ಆಡುತ್ತಿದ್ದಾನೆ, ಒಳಗಿನ ಸಾಮಾನು ಬದಲಿಸಲು ನಮ್ಮನ್ನು ಹೊರಗಟ್ಟುವ ಹಂಚಿಕೆ ಎಂದುಕೊಂಡು ನಾವಿಬ್ಬರೂ ಚಹಾಕ್ಕೂ ಏಳಲಿಲ್ಲ. ಅವನಿಗೂ ನಮ್ಮ ಮೇಲೆ ಗುಮಾನಿ. ಮೊದಲೇ ಬೇರೆ ಕಡೆ ಬಿಚ್ಚಿಸಿ ಕೆಡಿಸಿಕೊಂಡು ಬಂದಿದ್ದೀರೇನೆಂದು ಕೇಳಿಯೇ ಬಿಟ್ಟ. ಅಬ್ಬಾರ ಮುಖ ಕೆಂಪಾಯಿತು.

ಕೊನೆಗೆ ಅವನು ಬ್ಯಾಟರಿ ದೀಪ ಹಿಡಿದು, ಕೇಬಲ್ ಸಿಕ್ಕಿಸುವ ತೂತಿನೊಳಗೆ ಸೂಜಿ ಆಡಿಸಿದ. ನೀಲಿ ಪುಡಿ ಉದುರಿತು. ನಾನು ಅಬ್ಬಾರ ಕಡೆ ನೋಡಿದೆ. ಅವರು ಹೊರಗೆ ನಿಂತ ಬಸ್ಸಿನ ಕಡೆ ನೋಡುತ್ತಿದ್ದರು.

“ಫೋನ್ ಬದ್ಲಿ ಮಾಡಬಾರ್ದಂತ ನಿಶಾನಿ ಹಾಕಿದ್ನಿ,” ಎಂದರು.

ಚಾರ್ಜರ್ ಹಾಕುವ ತೂತು ಬೇರೆಯಿದ್ದದ್ದರಿಂದ ಮನೆಯಲ್ಲಿ ಯಾರಿಗೂ ಇದು ತಿಳಿದಿರಲಿಲ್ಲ. ಅಂಗಡಿಯವನು ನಗಲಿಲ್ಲ, ಅದೊಂದು ಉಪಕಾರ. ಬ್ರಶ್ಶಿನಿಂದ ಒರೆಸಿ ಕೇಬಲ್ ಸಿಕ್ಕಿಸಿದ ಕೂಡಲೇ ಕಂಪ್ಯೂಟರ್ ಫೋನಿನ ಹೆಸರು ತೋರಿಸಿತು.

ಸಾಫ್ಟ್‌ವೇರ್ ಹಾಕಿದ ಮೇಲೆ, ಸಿಮ್ಮಿನಲ್ಲಿ ಉಳಿದಿದ್ದ ಮೆಸೇಜುಗಳು ಕನ್ನಡದಲ್ಲಿ ತೆರೆದವು. ಅಬ್ಬಾರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಎದೆ ಗಟ್ಟಿ ಮಾಡಿಕೊಂಡು ನಾನೇ ಓದಿದೆ. ಭಾವನ ಮೇಲೆ ಒಂದು ದೂರೂ ಇರಲಿಲ್ಲ. ಮೆಸೇಜ್ ಮುಟ್ಟಿತೇನು ಎಂದು ಕೇಳಿದ್ದಳು, ಮತ್ತೆ ಮತ್ತೆ ಅದನ್ನೇ ಕೇಳಿದ್ದಳು. ಕೊನೆಯದು ಹೀಗಿತ್ತು: “ಅಬ್ಬಾ, ಕಿವಿ ಕೇಳದಾಕಿ ಅಂತ ನೀವೂ ನನ್ನ ಜೋಡಿ ಮಾತು ಬಿಟ್ರೇನ್ರಿ?”

ಉತ್ತರ ಬರೆಯಲು ಹೋದೆ. ಆ ಸಣ್ಣ ಕೀಲಿಗಳಲ್ಲಿ ಒಂದು ಅಕ್ಷರವೂ ಕೈಗೆ ಸಿಗದು. ಅಬ್ಬಾ ನನ್ನ ಕೈ ತಡೆದರು.

“ಅಳಿಯಾಗ ಫೋನ್ ಹಚ್ಚು,” ಎಂದರು. “ನಾವು ಮಾತು ಬಿಟ್ಟಿಲ್ಲಂತ ಅಕೀಗೆ ಈಗಿಂದೀಗ ತಿಳಿಸು ಅನ್ನು.”