ಡೇಗುವಿಗೆ ಬೆಲ್ಲ ಕೊಟ್ಟ ಓಣಿ

ಒಂದು ಜೀವ ಇನ್ನೊಂದು ಜೀವವನ್ನು ಅರ್ಥ ಮಾಡಿಕೊಳ್ಳಲು ಪಟ್ಟ ಪಾಡೇ ಮನುಷ್ಯಕುಲದ ಇತಿಹಾಸ. ಈ ಘನವಾದ ವಿಚಾರ ಹೊಳೆದಾಗ ನಾನು ಜಮಖಂಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಮೊಣಕಾಲೂರಿ, ಒಂದು ಪಂಜರಕ್ಕೆ ಮೂಗು ತಾಗಿಸಿ, ಬಾಯಿಂದ "ಚುಯ್ ಚುಯ್" ಎಂದು ಸದ್ದು ಹೊರಡಿಸುತ್ತಿದ್ದೆ. ಬಾಗಿಲಲ್ಲಿ ನನ್ನ ಕಕ್ಷಿದಾರನೊಬ್ಬ ನಿಂತಿದ್ದ. ಹೊಲದ ಬದುವಿನ ವ್ಯಾಜ್ಯ. ಸ್ವಲ್ಪ ಹೊತ್ತು ನೋಡಿ, "ಆಮ್ಯಾಲ ಬರ್ತೇನ್ರಿ ಸಾಹೇಬ್ರ" ಎಂದು ಹೋದವನು ಬೇರೆ ವಕೀಲರನ್ನು ಹಿಡಿದನಂತೆ.

ಹಿಡಿಯಲಿ. ಅವನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟು ಇರುವುದು ಬೇರೆಯವರ ಮೇಲೆ. ಹೇಳುತ್ತೇನೆ.

ಪಂಜರದಲ್ಲಿ ಇದ್ದದ್ದು ಎರಡು ಡೇಗು. ದಕ್ಷಿಣ ಅಮೆರಿಕದ ಚಿಲಿ ದೇಶದ ಗುಡ್ಡಗಾಡಿನ ಪ್ರಾಣಿ. ಇಲಿಗಿಂತ ದೊಡ್ಡದು, ಅಳಿಲಿನಂಥ ಮುಖ, ಬಾಲದ ತುದಿಯಲ್ಲಿ ಪೇಂಟಿಂಗ್ ಬ್ರಶ್ಶಿನಂಥ ಕೂದಲು. (ಕೊನೆಗೂ ಇಲಿಯೇ ಅಲ್ಲವೇ ಎನ್ನುವವರು ನನ್ನ ಹೆಂಡತಿಯ ಹತ್ತಿರ ಮಾತಾಡಬೇಕು. ಮೊದಲ ದಿನ ಮಡಿ ಮೈಲಿಗೆ ಎಂದು ಹಾರಾಡಿದ ಆಕೆಯೇ ಈಗ ಅವುಗಳ ಕಟ್ಟಾ ವಕೀಲೆ.) ಒಂದೇ ತಾಯಿಯ ಎರಡು ಹೆಣ್ಣು. ದೊಡ್ಡದು ಅಕ್ಕವ್ವ, ಸಣ್ಣದು ತಂಗೆವ್ವ.

ಇವನ್ನು ಸಾಕಿದ್ದು ನನ್ನ ತಂಗಿಯ ಮಗಳು ಸ್ನೇಹಾ. ಸಾಂಗ್ಲಿಯಲ್ಲಿ ನರ್ಸಿಂಗ್ ಓದಿದಳು, ಗೋವಾದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಅಲ್ಲಿಯ ಹಾಸ್ಟೆಲ್‌ನಲ್ಲಿ ಪ್ರಾಣಿಗಳಿಗೆ ಪ್ರವೇಶವಿಲ್ಲ. ಸೋದರಮಾವ ಎಂಬ ಸ್ಥಾನ ನಮ್ಮ ಸಮಾಜದಲ್ಲಿ ಇರುವುದೇ ಇಂಥ ಸಂದರ್ಭಗಳಿಗೆ. ಕಬ್ಬಿನ ಸೀಸನ್ ಶುರುವಾದ ಹೊತ್ತಿಗೆ ಪಂಜರ, ಒಣಹುಲ್ಲಿನ ಚೀಲ, ಒಂದು ಡಬ್ಬಿ ನುಣ್ಣನೆಯ ಮಣ್ಣು ಹಿಡಿದು ಬಂದಿಳಿದಳು.

"ಮಾಮಾ, ಉಳದದ್ದೆಲ್ಲಾ ಮರತ್ರೂ ನಡೀತೈತಿ, ಇದೊಂದ ಮರೀಬ್ಯಾಡ್ರಿ," ಎಂದಳು. "ಇವಕ್ಕ ಸಿಹಿ ಅರಗಂಗಿಲ್ಲ. ಸಕ್ಕರಿ, ಬೆಲ್ಲ, ಹಣ್ಣು, ಏನೂ ಹಾಕಬ್ಯಾಡ್ರಿ. ಶುಗರ್ ಬಂದು ಕಣ್ಣಿಗೆ ಪೊರಿ ಬರತೈತಿ. ಒಮ್ಮೆ ಬಂತಂದ್ರ ಹೋಗಂಗಿಲ್ಲ."

"ಹುಚ್ಚಿ, ನನಗೂ ಶುಗರ್ ಐತಿ. ನನಗ ಹೇಳಾಕ ಬಂದಿಯೇನ?" ಎಂದೆ.

"ಅದಕ್ಕ ಹೆದರಿಕಿ," ಎಂದಳು.

ಆ ಹುಡುಗಿಗೆ ನಮ್ಮ ಸೀಮೆ ಗೊತ್ತಿತ್ತು. ಈ ಕಡೆ ಬಾಡಗಂಡಿ, ಆ ಕಡೆ ಮುಧೋಳ, ಎರಡೂ ಕಡೆ ಸಕ್ಕರೆ ಕಾರ್ಖಾನೆ. ಕಬ್ಬಿನ ಟ್ರ್ಯಾಕ್ಟರ್‌ಗಳ ಹಿಂದೆ ತೆವಳದೆ ಲೋಕಾಪುರ ದಾಟಿದವರು ಯಾರಾದರೂ ಇದ್ದರೆ ಕೈ ಎತ್ತಿ. ಬಿಸಿಲಲ್ಲಿ ಬಂದವರಿಗೆ ನಾವು ಮೊದಲು ಕೊಡುವುದೇ ಒಂದು ತಂಬಿಗೆ ನೀರು, ಒಂದು ಹೆಂಟೆ ಬೆಲ್ಲ. ಆಮೇಲೆ ಯಾರು, ಏನು, ಯಾಕೆ ಬಂದಿರಿ ಎಂಬ ವಿಚಾರಣೆ. ಸಿಹಿ ತಿನ್ನಬಾರದ ಪ್ರಾಣಿಯನ್ನು ತಂದಿಡಲು ಭೂಮಿಯ ಮೇಲೆ ಇದಕ್ಕಿಂತ ಅಪಾಯದ ಜಾಗ ಇನ್ನೊಂದಿದೆಯೇ?

ನಾನು ಹೊಸ ಕೇಸು ಓದುವ ಹಾಗೆ ಅವುಗಳ ನಡವಳಿಕೆ ಓದತೊಡಗಿದೆ. ಸಂಶಯ ಬಂದಲ್ಲಿ ಗೋವಾಕ್ಕೆ ಫೋನು. ಡೇಗು ಹಗಲು ಎಚ್ಚರವಿರುತ್ತದೆ, ರಾತ್ರಿ ಮಲಗುತ್ತದೆ. (ಮರ್ಯಾದಸ್ಥ ಪ್ರಾಣಿ.) ಬಾಲ ಹಿಡಿದು ಎತ್ತಿದರೆ ಬಾಲದ ಚರ್ಮವೇ ಕಳಚಿ ಬರುತ್ತದೆ, ಆದ್ದರಿಂದ ಹಿಡಿಯಬಾರದು. ಹಲ್ಲು ಕಿತ್ತಳೆ ಬಣ್ಣ ಇದ್ದರೆ ಆರೋಗ್ಯವಾಗಿದೆ ಎಂದರ್ಥ. ಎದುರು ಮನೆಯ ಗಂಗವ್ವ ಇದನ್ನು ನೋಡಿ, "ಯವ್ವಾ, ಇವೂ ಗುಟ್ಕಾ ತಿಂತಾವೇನ್ರಿ ವಕೀಲ್ರ?" ಎಂದರು.

ಡೇಗು ನೀರಲ್ಲಿ ಸ್ನಾನ ಮಾಡುವುದಿಲ್ಲ. ಮಣ್ಣಿನ ಪುಡಿಯಲ್ಲಿ ಹೊರಳುತ್ತದೆ. ಮೈಯ ಜಿಡ್ಡು ಹೋಗಲೆಂದು. ನಮ್ಮ ಓಣಿಯ ಹಿರಿಯರೊಬ್ಬರು ಇದನ್ನು ಕಂಡು ಚಪ್ಪಲಿ ಬಿಟ್ಟು ನಿಂತರು. "ವಕೀಲ್ರ, ಇವು ಭಸ್ಮ ಧರಸಾಕತ್ತಾವ. ಹಿಂದಿನ ಜನ್ಮದಾಗ ಯಾರೋ ದೊಡ್ಡ ಶಿವಭಕ್ತರಿದ್ರು." ಮುಂದಿನ ಸೋಮವಾರ ಗುಡಿಯಿಂದ ಬರುವವರು ಪ್ರಸಾದದ ಸಕ್ಕರೆ ಹಿಡಿದು ನಮ್ಮ ಮನೆಗೇ ಬಂದರು. ಬಾಗಿಲಿಗೆ ಅಡ್ಡ ನಿಂತು ಎಲ್ಲವನ್ನೂ ನಾನೇ ಸ್ವೀಕರಿಸಿದೆ. ಪ್ರಸಾದ ಚೆಲ್ಲುವಂತಿಲ್ಲವಲ್ಲ. ಆ ವಾರ ನನ್ನ ಶುಗರ್ ಎಷ್ಟಿತ್ತು ಎಂದು ಇಲ್ಲಿ ಬರೆಯುವುದಿಲ್ಲ, ಮನೆಯಲ್ಲಿ ಪೇಪರು ಓದುತ್ತಾರೆ.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ನಿಜವಾದ ಅನಾಹುತ ಆದದ್ದು ಶಿಳ್ಳೆಯಿಂದ.

ಹೊಸ ಮನುಷ್ಯರು ಹತ್ತಿರ ಬಂದರೆ ಡೇಗು ಹಿಂಗಾಲ ಮೇಲೆ ನೆಟ್ಟಗೆ ನಿಲ್ಲುತ್ತದೆ. ಮುಂಗಾಲು ಎರಡನ್ನೂ ಎದೆಗೆ ಒತ್ತಿಕೊಂಡು ಸಣ್ಣಗೆ ಶಿಳ್ಳೆ ಹಾಕುತ್ತದೆ. ಇದರ ಅರ್ಥ: ವೈರಿ ಬಂದ, ಒಳಗೆ ಓಡು. ಗುಡ್ಡದಲ್ಲಿ ಹದ್ದು ಕಂಡರೆ ಕೂಗುವ ಕೂಗು ಅದು.

ನಮ್ಮ ಓಣಿ ಅದನ್ನು ಓದಿದ್ದು ಹೀಗೆ: "ಪಾಪ, ಕೈ ಮುಗದು ಬೇಡಾಕತ್ತೈತಿ."

ನಾನು ತಿಳಿಸಿ ಹೇಳಿದೆ. ಅದು ಬೇಡುವುದಲ್ಲರೀ, ಬೈಯುವುದು. ನಿಮ್ಮನ್ನು ಕಂಡರೆ ಅದಕ್ಕೆ ಜೀವಭಯ. ಎಲ್ಲರೂ ನಕ್ಕರು. ಗಂಗವ್ವನಂತೂ ಸೆರಗು ಬಾಯಿಗೆ ಹಿಡಿದು ನಕ್ಕರು. "ಎತ್ತಿಗೂ ಹುಲ್ಲಿನ ಜೋಡಿ ಒಂದಿಷ್ಟ ಹಿಂಡಿ ಇಡತೇವಿ. ಇವಕ್ಕ ಬರೇ ಒಣಾ ಹುಲ್ಲೇನ್ರಿ? ಬೇಡದ ಏನ್ ಮಾಡ್ಯಾವು?"

ಅವರನ್ನು ಅಂದು ಏನು ಪ್ರಯೋಜನ? ಮನುಷ್ಯರು ಬಾಯಿಬಿಟ್ಟು ಹೇಳಿದ್ದೇ ನಮಗೆ ತಿಳಿಯುವುದಿಲ್ಲ. ನಮ್ಮ ಕಡೆ "ಬ್ಯಾಡ" ಎಂಬ ಶಬ್ದಕ್ಕೆ ಬೇಡ ಎಂಬ ಅರ್ಥವೇ ಇಲ್ಲ. ಸಂಕೋಚ ಮಾಡಿಕೊಳ್ಳುತ್ತಿದ್ದಾರೆ, ಇನ್ನೊಮ್ಮೆ ಒತ್ತಾಯ ಮಾಡಿ ಎಂದು ಅರ್ಥ. ಬನಹಟ್ಟಿಯ ಒಂದು ಮದುವೆಯಲ್ಲಿ ಗೋಧಿ ಬೆಲ್ಲದ ಹುಗ್ಗಿಯ ಬಕೆಟ್ ಬಂದಾಗ ನಾನು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ಶುಗರ್ ಐತ್ರೀ ಎಂದು ಕೂಗಿದೆ. ಬಡಿಸುವವನು, "ಒಂದ ಚೂರಿನಿಂದ ಏನ್ ಆಗತೈತ್ರಿ ಸಾಹೇಬ್ರ" ಎಂದು ಕೈಯ ಮೇಲೆಯೇ ಸುರಿದು ಹೋದ. ಹುಗ್ಗಿ ಸುಡುತ್ತಿತ್ತು. ಪಕ್ಕದಲ್ಲಿ ಕೂತವರು ಏನು ಹೇಳಿದರು ಗೊತ್ತೇ? ಪ್ರೀತಿ ಇದ್ದಲ್ಲಿ ಹಿಂಗ ಆಗೂದರೀ, ಅಂದರು.

ಇದು ಪ್ರೀತಿಯೇ? ಎದುರಿಗಿದ್ದವನಿಗೆ ಏನು ಬೇಕೆಂದು ಕೇಳದೆ, ಕೇಳಿದರೂ ಕಿವಿಗೆ ಹಾಕಿಕೊಳ್ಳದೆ, ನಮ್ಮ ಹತ್ತಿರ ಇದ್ದದ್ದನ್ನು ಅವನ ಬಾಯಿಗೆ ತುರುಕುವುದಕ್ಕೆ ಪೀನಲ್ ಕೋಡಿನಲ್ಲಿ ಒಂದು ಕಲಂ ಇರಬೇಕಿತ್ತು. ಇಲ್ಲ. ನಾನು ಹುಡುಕಿದ್ದೇನೆ.

ಬೇಸಿಗೆಯ ಬಿಸಿಲು ಏರುವ ಹೊತ್ತಿಗೆ ತಂಗೆವ್ವ ವಿಪರೀತ ನೀರು ಕುಡಿಯತೊಡಗಿತು. ಬೆಳಿಗ್ಗೆ ತುಂಬಿಸಿದ ಬಾಟಲಿ ಊಟದ ಹೊತ್ತಿಗೆ ಖಾಲಿ. "ಬಿಸಲ ರೀ, ನಮಗ ನೀರಡಿಸಾಕತ್ತೈತಿ, ಅದಕ್ಕ ಬ್ಯಾಡೇನು?" ಎಂದು ಮನೆಯಾಕೆ ಅಂದಳು. ಆದರೆ ಅದೇ ಪಂಜರದ ಅಕ್ಕವ್ವನಿಗೆ ಬಿಸಿಲು ತಾಗುವುದಿಲ್ಲವೇ? ಅದು ಎಂದಿನಷ್ಟೇ ಕುಡಿಯುತ್ತಿತ್ತು. ಹೀಗೆ ನೀರು ಕುಡಿಯುವುದರಲ್ಲಿ ನನಗೆ ಸ್ವಂತ ಅನುಭವವಿದೆ. ನನ್ನ ಕಾಯಿಲೆ ಪತ್ತೆಯಾದದ್ದೂ ತಂಬಿಗೆಯಿಂದಲೇ.

ಮರುದಿನ ಬೆಳಿಗ್ಗೆ ಕೋರ್ಟಿಗೆ ಹೊರಟವನಂತೆ ಕರಿಕೋಟು ಹಾಕಿ, ಪಡಸಾಲೆಯ ಮೂಲೆಯಲ್ಲಿ ಪೇಪರು ಅಡ್ಡ ಹಿಡಿದು ಕೂತೆ. ಗಂಗವ್ವ ಬಂದರು. ಎರಡೂ ಡೇಗು ಎದ್ದು ನಿಂತು ಶಿಳ್ಳೆ ಹಾಕಿದವು. ಗಂಗವ್ವನ ಕೈ ಸೊಂಟದ ಸಂಚಿಗೆ ಹೋಯಿತು, ಅಲ್ಲಿಂದ ಪಂಜರದ ಸರಳಿಗೆ. ಅಕ್ಕವ್ವ ಒಳಗೆ ಓಡಿತು. ತಂಗೆವ್ವ ಮಾತ್ರ ಹೆದರಿಕೆಯನ್ನೂ ಮರೆತು ಮುಂದೆ ಬಂತು. ನಾನು ಪೇಪರು ಇಳಿಸಿದೆ. ಪಾಟೀಸವಾಲು ಅಲ್ಲೇ ನಡೆಯಿತು.

"ಗಂಗವ್ವ, ಈಗ ಅದರ ಬಾಯಾಗ ಏನಿಟ್ರಿ?"

"ಏನಿಲ್ರಿ."

"ಏನಿಲ್ಲಂದ್ರ ಅದು ಏನ ತಿನ್ನಾಕತ್ತೈತಿ?"

"ಹೊಸಾ ಬೆಲ್ಲರೀ. ನಿನ್ನಿ ನಮ್ಮ ಗಾಣದಿಂದ ಬಂದೈತಿ. ಉಗುರಿನಷ್ಟ."

"ದಿನಾ ಕೊಡ್ತೀರೇನು?"

"ದಿನಾ ಎಲ್ಲಿ ಕೊಡಲಿ? ಬಂದಾಗ ಅಷ್ಟ."

"ಯಾವಾಗ ಬರ್ತೀರಿ?"

"ದಿನಾ ಬರ್ತೇನಲ್ರಿ. ನಿಮಗ ಗೊತ್ತಿಲ್ಲೇನು?"

ಸಾಕ್ಷಿ ಇಷ್ಟು ಪ್ರಾಮಾಣಿಕವಾಗಿದ್ದರೆ ವಕೀಲನಿಗೆ ಕೆಲಸವೇ ಇರುವುದಿಲ್ಲ. ಇದು ಅದಕ್ಕೆ ವಿಷ, ಕಣ್ಣು ಹೋಗುತ್ತವೆ ಎಂದು ಹೇಳಿರಲಿಲ್ಲವೇ ಎಂದು ಕೂಗಾಡಿದೆ. ಗಂಗವ್ವನಿಗೂ ಸಿಟ್ಟು ಬಂತು.

"ಬೆಲ್ಲಕ್ಕ ವಿಷ ಅಂತೀರೇನ್ರಿ? ನಾ ಹುಟ್ಟಿದಾಗಿಂದ ತಿನ್ನಾಕತ್ತೇನಿ, ಸೂಜ್ಯಾಗ ದಾರಾ ಪೋಣಸ್ತೇನಿ. ಮತ್ತ ನಾ ಒಬ್ಬಾಕೀನ ಕೊಡತೇನೇನು? ಹಾಲಿನಾಕಿ ಕೊಡತಾಳ. ಬಾಡಗಂಡಿಯಿಂದ ಬರೂ ನಿಮ್ಮ ಬೀಗರು ಕಬ್ಬಿನ ಗಣಿಕಿ ಕೊಟ್ಟಾರ. ಮನಿಯವ್ರನ್ನ ಕೇಳ್ರಿ."

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ತಟ್ಟನೆ ನಿಂತಿತು.

"ಒಂದ ಸಲ ಅಷ್ಟ," ಎಂದು ಒಳಗಿನಿಂದ ದನಿ ಬಂತು. "ಹೋಳಿಗಿ ಮಾಡಿದ ದಿನ. ಮನಿ ಮಂದೆಲ್ಲಾ ತಿಂದು ಅವಕ್ಕ ಬಿಡೂದು ಹೆಂಗ್ರಿ? ಒಂದ ಚೂರಿನಿಂದ ಏನ್ ಆಗತೈತಿ?"

ಇದೇ ವಾಕ್ಯ! ಈ ನಾಲ್ಕು ತಾಲೂಕುಗಳಲ್ಲಿ ಕಾಲು ಕಳೆದುಕೊಂಡವರು, ಕಿಡ್ನಿ ಕಳೆದುಕೊಂಡವರು ಎಲ್ಲರೂ ಯಾರೋ ಪ್ರೀತಿಯವರ ಬಾಯಿಂದ ಈ ವಾಕ್ಯ ಕೇಳಿಯೇ ಕಳೆದುಕೊಂಡಿದ್ದಾರೆ. ಎಲ್ಲರೂ ಕೊಡುವುದು ಒಂದೇ ಚೂರು. ತಿನ್ನುವವನ ಹೊಟ್ಟೆ ಮಾತ್ರ ಒಂದು. ಈ ಲೆಕ್ಕ ನಮಗೆ ಯಾಕೆ ಹತ್ತುವುದಿಲ್ಲ?

ಬುಟ್ಟಿಯಲ್ಲಿ ಎರಡೂ ಡೇಗುಗಳನ್ನು ಇಟ್ಟುಕೊಂಡು, ಮೇಲೆ ಒದ್ದೆ ಬಟ್ಟೆ ಮುಚ್ಚಿ, ಸ್ಕೂಟರ್ ಮೇಲೆ ದನದ ದವಾಖಾನೆಗೆ ಹೋದೆ. ಡಾಕ್ಟರು ಬುಟ್ಟಿಯಲ್ಲಿ ಇಣುಕಿ ಒಂದು ಹೆಜ್ಜೆ ಹಿಂದೆ ಸರಿದರು. "ವಕೀಲ್ರ, ನನ್ನ ಕಡೆ ಎಮ್ಮಿ ಬರತಾವ, ಆಡ ಬರತಾವ, ಭಾಳಂದ್ರ ನಾಯಿ. ಇದನ್ನ ನಾ ಪುಸ್ತಕದಾಗ ಸೈತ ನೋಡಿಲ್ಲ." ಆದರೂ ಒಳ್ಳೆಯ ಮನುಷ್ಯ. ತಮ್ಮ ಜೊತೆ ಓದಿದ ಯಾರಿಗೋ ಫೋನ್ ಹಚ್ಚಿ ಕೇಳಿಕೊಂಡರು. ಮೂತ್ರಕ್ಕೆ ಶುಗರ್ ನೋಡುವ ಕಾಗದದ ಪಟ್ಟಿ ಅದ್ದಿದರು. ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು. ಅಕ್ಕವ್ವ ಪಾರು. ಅಂಜುಬುರುಕಿ, ಅದಕ್ಕೇ ಉಳಿದುಕೊಂಡಿತ್ತು.

"ಸಣ್ಣದಕ್ಕ ಶುಗರ್ ಆಗೇತ್ರಿ. ಎರಡೂ ಕಣ್ಣಾಗ ಪೊರಿ ಶುರು ಆಗೇತಿ. ಸಿಹಿ ಪೂರಾ ಬಂದ್ ಮಾಡ್ರಿ. ಇಷ್ಟಕ್ಕ ನಿಂತ್ರ ಪುಣ್ಯಾ."

ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಅಲ್ಲಿಯ ಸಿಪಾಯಿ ಚಹಾ ತಂದ. ನನಗೆ ಶುಗರ್ ಇದೆ ಎಂದೆ. "ಗೊತ್ತೈತ್ರಿ ಸಾಹೇಬ್ರ, ಅದಕ್ಕ ಒಂದ ಚಮಚ ಕಡಿಮಿ ಹಾಕಿಸೇನಿ," ಎಂದ. ನಾನು ಕುಡಿಯಲಿಲ್ಲ. ಅವನಿಗೆ ಬೇಜಾರಾಯಿತು.

ಮನೆಗೆ ಬಂದು ಬಾಗಿಲಿಗೆ ಬೋರ್ಡು ಬರೆದು ತೂಗುಹಾಕಿದೆ. "ಈ ಮನೆಯ ಪ್ರಾಣಿಗಳಿಗೆ ಬೆಲ್ಲ, ಸಕ್ಕರೆ, ಕಬ್ಬು, ಪ್ರಸಾದ ಕೊಡಬಾರದು." ಇದರಿಂದ ಓಣಿ ಎರಡು ಭಾಗವಾಯಿತು ಎಂದರೆ ಸುಳ್ಳು. ಒಂದೇ ಭಾಗವಾಯಿತು, ನನ್ನ ವಿರುದ್ಧ. ಬಾಗಿಲಿಗೆ ಬೆಲ್ಲ ಬ್ಯಾಡ ಎಂದು ಬರೆದರೆ ಲಕ್ಷ್ಮಿ ಒಳಗೆ ಬರುತ್ತಾಳೆಯೇ ಎಂದು ಒಬ್ಬರು. ಇಲಿ ಸಲುವಾಗಿ ಮುದುಕಿಗೆ ಬೈದ್ರಂತ ಎಂದು ಇನ್ನೊಬ್ಬರು. ಗಂಗವ್ವ ನಮ್ಮ ಮನೆಗೆ ಬರುವುದನ್ನೇ ಬಿಟ್ಟರು. ಎದುರುಬದುರು ಮನೆ, ಮುಖ ತಿರುಗಿಸಿಕೊಂಡು ಅಂಗಳ ಗುಡಿಸುತ್ತಿದ್ದರು. ಯುಗಾದಿಗೆ ಅವರ ಮನೆಯಿಂದ ಬೇವು ಬಂತು, ಬೆಲ್ಲ ಬರಲಿಲ್ಲ. ಅಷ್ಟು ದಿನದ ನೆರೆಹೊರೆಯಲ್ಲಿ ನನ್ನ ಮಾತನ್ನು ಅವರು ಅಕ್ಷರಶಃ ಪಾಲಿಸಿದ್ದು ಅದೊಂದೇ ಸಲ.

ನಾನು ಬೋರ್ಡು ತೆಗೆಯಲಿಲ್ಲ. ತಪ್ಪೇ? ನೀವೇ ಹೇಳಿ. ಒಂದು ಜೀವ ತನ್ನ ಭಾಷೆಯಲ್ಲಿ, ದಿನಾ, ಎದ್ದು ನಿಂತು, ದೂರ ಹೋಗಿ ಎಂದು ಕೂಗಿತು. ಕೇಳಿದವರೆಲ್ಲ ಪಾಪ ಎಂದರು. ಈ ಪಾಪ ಎನ್ನುವವರಿಂದ ನಮ್ಮನ್ನು ಕಾಪಾಡುವವರು ಯಾರು?

ಹೋದ ವಾರ ಗಂಗವ್ವ ಬಂದರು. ಹೊಸ್ತಿಲಲ್ಲೇ ನಿಂತು ಎರಡೂ ಅಂಗೈ ಬಿಚ್ಚಿ ತೋರಿಸಿದರು. "ನೋಡ್ರಿ ವಕೀಲ್ರ, ಕೈ ಖಾಲಿ ಅದಾವ. ಸಂಚೀನೂ ಮನ್ಯಾಗ ಇಟ್ಟ ಬಂದೇನಿ. ಬರೇ ನೋಡಿ ಹೋಗತೇನಿ." ಮನೆಯಾಕೆ ಚಾಪೆ ಹಾಸಿದಳು. ಗಂಗವ್ವ ಪಂಜರದ ಮುಂದೆ ಕೂತರು. ಅಕ್ಕವ್ವ ಎದ್ದು ನಿಂತು ಶಿಳ್ಳೆ ಹಾಕಿ ಒಳಗೆ ಓಡಿತು. ತಂಗೆವ್ವ ಅಲುಗಾಡದೆ ಇದ್ದಲ್ಲೇ ಕೂತಿತ್ತು. ಗಂಗವ್ವನ ಮುಖ ಅರಳಿತು.

"ನೋಡ್ರಿಲ್ಲೆ! ಸಣ್ಣಾಕಿ ಈಗ ನನ್ನ ಗುರ್ತ ಹಿಡದಾಳ. ಹೆದರಂಗಿಲ್ಲ."

ತಂಗೆವ್ವನಿಗೆ ಎರಡೂ ಕಣ್ಣು ಕಾಣುವುದಿಲ್ಲ.