ಅಲೆ ಸೋಸುವ ಕನ್ನಡಿಯ ಜಗದಾಂಬಾ

ಬೆಳಕು ಹರಿಯುವ ಹೊತ್ತು. ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಜಗದಾಂಬಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಟರ್ಪೆಂಟೈನ್‌ನಲ್ಲಿ ಅದ್ದಿದ ಬಟ್ಟೆಯಿಂದ ಅಲ್ಯೂಮಿನಿಯಂ ತಗಡೊಂದನ್ನು ಉಜ್ಜುತ್ತಿದ್ದಾರೆ. ತಗಡಿನ ತುಂಬಾ ತೂತು, ತೂತಿನ ತುಂಬಾ ಕೆಂಪು ಬಣ್ಣ. ಎದುರಿಗೆ ಫಿಟ್ಟರ್ ಹುಲಿಯಪ್ಪ ತಲೆ ತಗ್ಗಿಸಿ ಕುಳಿತು, ಕಡ್ಡಿಯಿಂದ ಒಂದೊಂದೇ ತೂತು ಬಿಡಿಸುತ್ತಿದ್ದಾರೆ. ಇನ್ನು ಕೆಲವೇ ಗಂಟೆಗಳಲ್ಲಿ ಬೆಂಗಳೂರಿನಿಂದ ಪರೀಕ್ಷಕರು ಬರುತ್ತಾರೆ. ಅಷ್ಟರಲ್ಲಿ ಬಣ್ಣ ಹೋಗದಿದ್ದರೆ ಎರಡು ವರ್ಷದ ದುಡಿಮೆ ಗುಜರಿಗೆ.

ಈ ತಗಡೇ ಜಗದಾಂಬಾ ಅವರ ಕನ್ನಡಿ. ಮುಖ ನೋಡಿಕೊಳ್ಳಲು ಹೋಗಬೇಡಿ, ಮೂಗೂ ಕಾಣದು. ಮನುಷ್ಯ ಚಂದ್ರನ ಮೇಲೆ ಇಳಿಯುವ ಸುದ್ದಿಯನ್ನು ನಾವೆಲ್ಲ ರೇಡಿಯೋದಲ್ಲಿ ಕಾಯುತ್ತಿದ್ದೇವಲ್ಲ, ಅಂಥ ದೂರದ ನೌಕೆಗಳೊಡನೆ ಮಾತಾಡುವ ದೊಡ್ಡ ಆಂಟೆನಾಗಳಿಗಾಗಿ ಇದು. ಒಂದು ಬಗೆಯ ರೇಡಿಯೋ ಅಲೆ ತೂತುಗಳಲ್ಲಿ ಹಾದುಹೋಗುತ್ತದೆ, ಇನ್ನೊಂದು ತಗಡಿಗೆ ಬಡಿದು ಹಿಂದಿರುಗುತ್ತದೆ. ತೂತು ಎಷ್ಟು ಅಗಲ, ನಡುವೆ ಎಷ್ಟು ಜಾಗ ಎಂದು ಲೆಕ್ಕ ಹಾಕಿ ನಕ್ಷೆ ಬರೆಯುವುದು ಇವರ ಕೆಲಸ.

ಶಿವಮೊಗ್ಗದ ಜವಳಿ ವ್ಯಾಪಾರಿ ಪರಮೇಶ್ವರಪ್ಪನವರ ಮಗಳಾದ ಜಗದಾಂಬಾ ಇಲ್ಲಿಗೆ ದಿನವೂ ಬಸ್ಸಿನಲ್ಲಿ ನಿಂತೇ ಬರುತ್ತಾರೆ. "ಜರಡಿ ಮಾಡೋಕೆ ಬಿ.ಎಸ್ಸಿ. ಯಾಕೆ ಬೇಕಿತ್ತು ಮಾರಾಯ್ತಿ ಅಂತ ನಮ್ಮ ಚಿಕ್ಕಮ್ಮ ಕೇಳ್ತಾರೆ. ಅಲೆ ಸೋಸೋ ಜರಡಿನೇ ಬಿಡಿ ಇದು!" ಎಂದು, ಅವರ ಬಗ್ಗೆ ಬರೆಯಲು ಬಂದ ನನ್ನೆದುರು ನಗುತ್ತಾರೆ.

ಕೆಂಪು ಬಣ್ಣ ಬಂದದ್ದು ಪ್ರೀತಿಯಿಂದ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲೇ ತಲೆ ನರೆತ ಹುಲಿಯಪ್ಪನವರಿಗೆ, ಕೆಂಪು ಬಳಿಯದ ಸಾಮಾನೆಂದರೆ ಮುಗಿಯದ ಸಾಮಾನು. ನಿನ್ನೆ ಸಂಜೆ ಯಾರನ್ನೂ ಕೇಳದೆ ಬಳಿದುಬಿಟ್ಟಿದ್ದಾರೆ.

"ದೊಡ್ಡೋರು ನೋಡೋಕೆ ಬರ್ತಾರೆ, ಬೋಳು ತಗಡು ಹೆಂಗೆ ತೋರ್ಸೋದು ಅಮ್ಮಾವ್ರೆ? ತುಕ್ಕು ಹಿಡಿಬಾರ್ದು ಅಂತ ಬಳಿದೆ."

"ಇದಕ್ಕೆ ತುಕ್ಕು ಹಿಡಿಯಲ್ಲ ಹುಲಿಯಪ್ಪನೋರೆ. ಬಣ್ಣ ಗಟ್ಟಿಯಾದ್ರೆ ತೂತಿನ ಅಳತೆನೇ ಕೆಡುತ್ತೆ."

ಪುಣ್ಯಕ್ಕೆ ಜಡಿಮಳೆಯ ಥಂಡಿಗೆ ಬಣ್ಣ ಪೂರ್ತಿ ಒಣಗಿರಲಿಲ್ಲ. ಪರೀಕ್ಷಕರ ಜೀಪು ಬಾಗಿಲಿಗೆ ಬರುವಾಗ ಕೊನೆಯ ತೂತೂ ಚೊಕ್ಕಟವಾಗಿದೆ.

ತಗಡನ್ನು ನಿಲ್ಲಿಸಿ ಒಂದು ಅಲೆ ಬಿಡುತ್ತಾರೆ, ಹಾಯುತ್ತದೆ. ಇನ್ನೊಂದನ್ನು ಬಿಡುತ್ತಾರೆ. ತಗಡಿನ ಹಿಂದಿನ ಮೀಟರಿನ ಮುಳ್ಳು ಅಲುಗುವುದೇ ಇಲ್ಲ. ಅಲೆ ಹಿಂದಿರುಗಿದೆ! "ಪಾಸ್" ಎಂದ ಕೂಡಲೇ ಹುಲಿಯಪ್ಪ ಕಡ್ಡಿಯನ್ನು ಜೇಬಿಗೆ ಸೇರಿಸಿ, ತಗಡನ್ನು ಒರೆಸಲು ಬರುತ್ತಾರೆ.

ಹುಲಿಯಪ್ಪನವರನ್ನು ಬೈಯಲಿಲ್ಲವೇ ಎಂದು ಆಮೇಲೆ ಕೇಳುತ್ತೇನೆ.

"ಬಾಯಿಗೆ ಬಂದಿತ್ತು, ನುಂಗಿಕೊಂಡೆ" ಎನ್ನುತ್ತಾರೆ ಜಗದಾಂಬಾ. "ಅಷ್ಟೂ ತೂತು ಕೊರೆದಿದ್ದು ಅವರೇ. ಇವತ್ತು ಬೈದಿದ್ರೆ ಮತ್ತೆ ಡ್ರಿಲ್ ಮುಟ್ತಿರ್ಲಿಲ್ಲ. ನಕ್ಷೆ ನಾನು ಇನ್ನೊಂದು ಬರೀತೀನಿ. ಆ ಕೈ ಎಲ್ಲಿಂದ ತರ್ಲಿ?"