ಗುಡದಪ್ಪನ ಬಲಗೈಗೆ ತಾಗಿದ ದೃಷ್ಟಿ

ಕುಮಾರಪಟ್ಟಣದ ಹೊಳೆದಂಡೆಯಲ್ಲಿರುವ ಗಾಲ್ಫ್ ಮೈದಾನದಲ್ಲಿ ಗುಡದಪ್ಪ ಇಪ್ಪತ್ತಾರು ವರ್ಷದಿಂದ ಹುಲ್ಲು ಕತ್ತರಿಸುವ ಮಾಲಿ. ಸಾಹೇಬರು ಬಿಸಾಕಿದ ಹಳೆಯ ಕೋಲುಗಳಲ್ಲೇ ಆಟ ಕಲಿತವನು. ಬರಿಗಾಲಲ್ಲಿ ಹುಲ್ಲು ತುಳಿದು, ಚೆಂಡು ಯಾವ ಕಡೆ ವಾಲುತ್ತದೆಂದು ಹೇಳಿಬಿಡುತ್ತಿದ್ದ. ಮಾಲಿಗಳಿಗೂ ಚೀಲ ಹೊರುವ ಕ್ಯಾಡಿಗಳಿಗೂ ವರ್ಷಕ್ಕೊಮ್ಮೆ ನಡೆಯುವ ಟೂರ್ನಮೆಂಟಿನ ಕಪ್ಪು ನಾಲ್ಕು ಸಲ ಅವನ ಮನೆಗೆ ಬಂದಿತ್ತು. ಅದರಿಂದ ಒಂದಿಷ್ಟು ಜಂಬವೂ ಬಂದಿತ್ತು, ಮುಚ್ಚಿಡುವುದೇಕೆ?

ಈ ವರ್ಷ ಹದಿನೈದು ಜನರಲ್ಲಿ ಅವನು ಹದಿನಾಲ್ಕನೆಯವನಾದ. ಹದಿನೈದನೆಯವನು ಜ್ವರ ಬಂದು ನಡುವೆಯೇ ಬಿಟ್ಟು ಹೋಗಿದ್ದ. ಉದ್ದ ಹೊಡೆತಗಳೆಲ್ಲ ಚೆನ್ನಾಗಿಯೇ ಬಿದ್ದವು. ಚೆಂಡು ಬೀಳಿಸಬೇಕಾದ ಕುಣಿ ಮೂರಡಿ ದೂರ ಉಳಿದಾಗ, ಚಿಕ್ಕ ಮಗುವೂ ತಳ್ಳಬಹುದಾದ ಚೆಂಡನ್ನು ತಳ್ಳಲು ಹೋದರೆ ಬಲಗೈ ತಾನಾಗಿಯೇ ಅದುರಿತು. ಒಂಬತ್ತು ಕುಣಿಗಳಲ್ಲಿ ಏಳು ಸಲ ಹೀಗೇ ಆಯಿತು. ಕೈ ತನ್ನ ಮಾತು ಕೇಳುತ್ತಿಲ್ಲವೆಂದು ಅವನಿಗೆ ಹೆದರಿಕೆ ಹುಟ್ಟಿತು. ಹೆದರಿದೆನೆಂದು ಹೇಳಲು ನಾಚಿಕೆ. ಸಿಟ್ಟು ಮಾಡಿಕೊಂಡು ಮನೆಗೆ ಬಂದ.

"ಮೈಲಾರೆಪ್ಪನ ಕಣ್ಣು ಬಿದ್ದೈತಿ. 'ಬಂಗಾರದಂಥಾ ಕೈ ಐತಿ ನಿಂದು' ಅಂತ ಮುಂಜಾನೆನ ಅಂದಿದ್ದ," ಎಂದ. ಮೈಲಾರೆಪ್ಪ ಈ ಸಲ ಕಪ್ಪು ಗೆದ್ದ ಕ್ಯಾಡಿ.

ಹೆಂಡತಿ ಸುಶೀಲವ್ವನಿಗೆ ಅಷ್ಟೇ ಸಾಕಾಯಿತು. ಒಂದು ಹಿಡಿ ಒಣಮೆಣಸಿನಕಾಯಿ ಗಂಡನಿಗೆ ನಿವಾಳಿಸಿ ನೀರೊಲೆಯ ಕೆಂಡಕ್ಕೆ ಹಾಕಿದಳು. ಘಾಟು ಎದ್ದರೆ ದೃಷ್ಟಿಯಿಲ್ಲ, ಏಳದಿದ್ದರೆ ತಾಗಿದೆ ಎಂದು ಲೆಕ್ಕ. ಅವಳ ತವರು ಬ್ಯಾಡಗಿ. ತವರಿನ ಕಾಯಿ ಬಿಟ್ಟು ಬೇರೆ ಮೆಣಸಿನಕಾಯಿ ಆ ಮನೆಯ ಹೊಸ್ತಿಲು ದಾಟಿದ್ದಿಲ್ಲ. ಕಾಯಿ ಸುಟ್ಟು ಕರಕಲಾದರೂ ಯಾರೂ ಕೆಮ್ಮಲಿಲ್ಲ.

"ನೋಡ್ರಿ, ಎಂಥಾ ಕೆಟ್ಟ ಕಣ್ಣು!" ಎಂದಳು. ಗುಡದಪ್ಪನಿಗೆ ಹೋದ ಜೀವ ಬಂದಂತಾಯಿತು. ತಪ್ಪು ಕೈಯದಲ್ಲ, ಕಣ್ಣಿನದು.

ಆಮೇಲೆ ಪ್ರತಿ ಮಂಗಳವಾರ ಮೆಣಸಿನಕಾಯಿ ಸುಟ್ಟರು. ಅಷ್ಟರಲ್ಲಿ ಬಸಿಯಲ್ಲಿನ ಚಹಾ ಚೆಲ್ಲತೊಡಗಿತು. ಅಂಗಿಯ ಗುಂಡಿಗೆ ಎಡಗೈ ಬೇಕಾಯಿತು. ಹಾಜರಿ ಪುಸ್ತಕದಲ್ಲಿ ಅವನ ಸಹಿ ವಾರದಿಂದ ವಾರಕ್ಕೆ ಸಣ್ಣದಾಗುತ್ತ ಬಂತು. ಒಂದು ದಿನ ಮೈಲಾರೆಪ್ಪನೇ ಮನೆಗೆ ಬಂದು, "ಸುಮ್ಮನ ಕುಂತಾಗೂ ನಿನ್ನ ಕೈ ನಡಗಾಕತ್ತೈತಿ. ಲಗೂ ಹಾವೇರಿಗೆ ಹೋಗಿ ಡಾಕ್ಟರಿಗೆ ತೋರಿಸೋ," ಎಂದ. ಗುಡದಪ್ಪ ಅವನನ್ನು ಬಾಯಿಗೆ ಬಂದಂತೆ ಬೈದು ಅಟ್ಟಿದ. ಅಂದು ಎರಡು ಹಿಡಿ ಸುಟ್ಟರು. ಘಾಟು ಏಳಲೇ ಇಲ್ಲ.

ಪಕ್ಕದ ಮನೆಯ ಕುಲ್ಸುಮಬಿ ಇದನ್ನೆಲ್ಲ ನೋಡಿ ನೋಡಿ ಸಾಕಾಗಿ, ಮುಂದಿನ ಮಂಗಳವಾರ ಸೆರಗಿನಲ್ಲಿ ಗುಂಟೂರು ಕಾಯಿ ಕಟ್ಟಿಕೊಂಡು ಬಂದಳು.

"ನಿಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಐತಿ ಸುಶೀಲಕ್ಕಾ, ಘಾಟು ಎಲ್ಲೈತಿ? ಇವನ್ನ ಸುಟ್ಟು ನೋಡ್ರಿ, ಖರೇ ಏನಂತ ಗೊತ್ತಾಗ್ತೈತಿ."

ನಾಲ್ಕೇ ಕಾಯಿ ಹಾಕಿದ್ದು. ಮೂವರೂ ಕೆಮ್ಮುತ್ತ, ಕಣ್ಣು ಮೂಗು ಒರೆಸಿಕೊಳ್ಳುತ್ತ ಅಂಗಳಕ್ಕೆ ಓಡಿ ಬಂದರು.

"ದೃಷ್ಟಿ ಇಲ್ಲ ಅಕ್ಕಾ! ಏನೂ ಇಲ್ಲ!" ಎಂದು ಕುಲ್ಸುಮಬಿ ನಕ್ಕಳು. ಸುಶೀಲವ್ವನೂ ಕೆಮ್ಮಿನ ನಡುವೆಯೇ ನಕ್ಕಳು, ದೇವರಿಗೆ ಕೈ ಮುಗಿದಳು.

ಗುಡದಪ್ಪ ನಗಲಿಲ್ಲ. ಎಡಗೈಯಿಂದ ಬಲಗೈಯನ್ನು ಎದೆಗೆ ಒತ್ತಿ ಹಿಡಿದಿದ್ದ. ಹಿಡಿದರೂ ಅದು ನಿಲ್ಲುತ್ತಿರಲಿಲ್ಲ.

"ಇನ್ನೊಮ್ಮೆ ಹಾಕು," ಎಂದು ಹೆಂಡತಿಗೆ ಹೇಳಿದ. "ಇವು ಬ್ಯಾಡ. ನಮ್ಮ ಬ್ಯಾಡಗೀವ ಹಾಕು."